ಎರಡು ಬೀಗದ ಪಂಪು

ಭಂಡಿಗಡಿ

ಭಾರ್ಗವಿಗೆ ಚಿಕ್ಕಪ್ಪನ ಆಶೀರ್ವಾದ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಮೂರು ತಾಲ್ಲೂಕಲ್ಲೂ ನಾನು ಬಿಡಿಸದ ಜಗಳವಿಲ್ಲ ಮಾರಾಯ್ತಿ. ದಕ್ಷಿಣ ಸುಡಾನಿನಲ್ಲಿ ಬಡಿದಾಡುತ್ತಿದ್ದ ಎರಡು ಹಳ್ಳಿಗೆ ನಿಮ್ಮ ಸಂಸ್ಥೆ ವಿದೇಶದ ಹಣದಲ್ಲಿ ಬೋರ್‌ವೆಲ್ ತೆಗೆಸಿ, ಎರಡು ಬೀಗ ಹಾಕಿ, ಹಳ್ಳಿಗೊಂದು ಬೀಗದಕೈ ಕೊಟ್ಟಿತು, ಇಬ್ಬರೂ ಒಟ್ಟಿಗೆ ಬಂದು ತೆಗೆದರೆ ಮಾತ್ರ ನೀರು, ಈಗ ಗುಂಡಿನ ಸದ್ದಿಲ್ಲ ಅಂತ ಬರೆದಿದ್ದೆಯಲ್ಲ.

ನಿನ್ನ ಅಪ್ಪನೂ ನಾನೂ ಹಳ್ಳದ ನೀರಿಗೆ ಜಗಳವಾಡಿ ಮಾತು ಬಿಟ್ಟಿದ್ದೇವೆ. ನಾನೂ ಹಳ್ಳದ ಪಂಪಿಗೆ ಹಾಗೇ ಎರಡು ಬೀಗ ಹಾಕಿಸಿ, ಅವನಿಗೊಂದು ನನಗೊಂದು ಬೀಗದಕೈ ಮಾಡಿದೆ. "ಅವನೇ ಮೊದಲು ಬರಲಿ" ಅಂದ ಅಣ್ಣ. ನಾನೂ ಅದನ್ನೇ ಅಂದೆ. ಎರಡು ತಿಂಗಳಲ್ಲಿ ಇಬ್ಬರ ಕಾಫಿ ಸಸಿಯೂ ಒಣಗಿತು.

ಸಾಕಾಗಿದೆ ಕೂಸೇ. ಅಲ್ಲಿ ಮೊದಲು ಬಂದವನನ್ನು ಹೇಗೆ ಒಪ್ಪಿಸಿದಿರಿ, ಬೇಗ ಬರೆ.

ಊರಲ್ಲಿ ನನಗೇನೂ ನಷ್ಟವಿಲ್ಲ ಅಂದಿದ್ದೇನೆ. ನಿನಗೆ ಮಾತ್ರ ಹೇಳುತ್ತೇನೆ, ಸಸಿಯಲ್ಲಿ ಹೋದದ್ದು ಒಂದು ಲಕ್ಷದ ಹದಿನೆಂಟು ಸಾವಿರ.

ಚಿಕ್ಕಪ್ಪ ವಿದ್ಯಾಶಂಕರ