ಶಾಹೀಸ್ತಾಳ ಅಮ್ಮಿ

ಜೂನ್ 9, ಸೋಮವಾರ

ಲಿಂಗಸುಗೂರಿನಿಂದ ಬರುವ ಬಸ್ಸಿನಲ್ಲಿ ಸೀಟಿಲ್ಲ. ಬ್ಯಾಗಿನಲ್ಲಿ ಹೆರಿಗೆ ಪಾಠದ ಗೊಂಬೆ, ಪ್ಲಾಸ್ಟಿಕ್ಕಿನ ಸೊಂಟದೆಲುಬು. ಎಲುಬು ಹೊರಗೆ ಇಣುಕುತ್ತಿತ್ತು. ನೋಡಿದ ಮುದುಕನೊಬ್ಬ ತಟ್ಟನೆ ಎದ್ದು ಸೀಟು ಬಿಟ್ಟ. ಗೌರವವಲ್ಲ, ಹೆದರಿಕೆ. ಯಾವುದಾದರೇನು, ಮಸ್ಕಿಯಿಂದ ಸಿಂಧನೂರಿಗೆ ಕೂತೇ ಬಂದೆ.

ಇವತ್ತಿನ ಪಾಠ: ನೋವು ಬಂದಾಗ ಉಸಿರು ಹೇಗೆ ಬಿಡಬೇಕೆಂದು ಬಸುರಿಯರಿಗೆ ಕಲಿಸುವುದು. ಸರಾಗ ಬಂತು. ಸಂಘಮಿತ್ರಾ ಮೇಡಂ — ಟ್ರಸ್ಟ್ ಅವರದೇ, ನಮಗೆ ತರಬೇತಿ ಕೊಡುವವರೂ ಅವರೇ — ಎಲ್ಲರೆದುರು ಹೊಗಳಿದರು. ಆಮೇಲೆ ಒಬ್ಬಳನ್ನೇ ಕರೆದರು.

"ವಸೀಮಾ, ಕಲಸೋದು ಛಲೋ ಐತಿ. ಟ್ರಸ್ಟಿಗೆ ದೇಣಿಗಿ ಮಾತ್ರ ಒಂದು ಪೈಸಾ ತಂದಿಲ್ಲ ನೀವು. ದೇಣಿಗಿ ಇಲ್ಲಂದ್ರ ಸರ್ಟಿಫಿಕೇಟ್ ಇಲ್ಲ. ಮಸ್ಕಿ ಸೆಂಟರ್ ಬ್ಯಾರೆಯವರಿಗೆ ಹೋಗ್ತದ."

ಮಸ್ಕಿ ಸೆಂಟರ್ ನನಗೆ ಬೇಕು. ಬಸುರಿಯರಿಗೆ ಕಲಿಸುವ ಕೆಲಸ, ಸಂಬಳ, ಒಂದು ಕೋಣೆ, ಬಾಗಿಲ ಮೇಲೆ ನನ್ನ ಹೆಸರು. ಈ ಮನೆಯಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ. ಗಂಡ ನಾಸೀರ್ ಕೂಡ "ಏ" ಅನ್ನುತ್ತಾನೆ. ಅವನ ರಿಪೇರಿ ಅಂಗಡಿಯಲ್ಲಿ ಸುಟ್ಟ ಪಂಪ್‌ಸೆಟ್ ಮೋಟರುಗಳಿಗಾದರೂ ನಂಬರ್ ಇದೆ.

ಜೂನ್ 12

ಬಜಾರಿನಲ್ಲಿ ರಸೀದಿ ಪುಸ್ತಕ ಹಿಡಿದು ಅಲೆದೆ. ಬಟ್ಟೆ ಅಂಗಡಿಯ ಸೇಠ್ ಚಹಾ ತರಿಸಿದ.

"ನಿಮಗೆಷ್ಟು ಮಕ್ಕಳ್ರೀ?"

"ಇಲ್ರೀ."

ಗುಮಾಸ್ತನ ಕಡೆ ತಿರುಗಿ ನಕ್ಕ. "ಕೇಳಿದೇನಲೇ? ಈಜು ಬರಲಾರದಾಕಿ ಈಜು ಕಲಸ್ತಾಳಂತ!"

ಚಹಾ ಕುಡಿದೇ ಎದ್ದೆ. ಬಿಟ್ಟು ಬಂದರೆ ಅವನಿಗೇ ಲಾಭ.

ಮೇಡಂಗೆ ಫೋನ್ ಮಾಡಿ ಹೇಳಿದೆ. ಅವರು ಬೇರೆಯೇ ಕೇಳಿದರು. "ನಿಮ್ದೊಂದು ಹೆಣ್ಣು ಕೂಸು ಹೋತಲ್ಲ... ಇದ್ದಿದ್ರ ಎಷ್ಟು ವರ್ಷ ಆಗಿರ್ತಿತ್ತು?"

"ನಾಕು."

"ಹಂಗಾರ ನಾಕು ವರ್ಷದ ಮಗಳು ಅದಾಳ ಅಂತ ಹೇಳ್ರಿ. ನಮ್ಮ ಕ್ಲಾಸಿನಿಂದ ಉಳಿದ್ಲು ಅನ್ರಿ. ಸತ್ತ ಕೂಸಿನ ಹೆಸರಿಗೆ ಯಾರು ರೊಕ್ಕ ಕೊಡ್ತಾರ?"

ಎಂಟನೇ ತಿಂಗಳಲ್ಲಿ, ಹೊಟ್ಟೆಯಲ್ಲೇ ಹೋದಳು. ಶಾಹೀಸ್ತಾ ಎಂದು ಹೆಸರು ಆರಿಸಿಟ್ಟಿದ್ದೆ. ಆ ಹೆಸರು ಮನೆಯಲ್ಲಿ ಎತ್ತಬಾರದೆಂದು ಅತ್ತೆ ಮಕ್ತುಂಬೀ ಆಣೆ ಹಾಕಿಸಿದ್ದಾರೆ. ಎತ್ತಿದರೆ ಇನ್ನೊಂದು ಕೂಸು ನಿಲ್ಲುವುದಿಲ್ಲವಂತೆ. ಎತ್ತದೆಯೂ ನಿಂತಿಲ್ಲ.

ಜುಲೈ 3

ಸುಳ್ಳು ನಡೆಯುತ್ತಿದೆ. ನಡೆಯುವುದೇನು, ಓಡುತ್ತಿದೆ. ಒಂದೊಂದು ಅಂಗಡಿಗೆ ಹೋದಾಗಲೂ ಶಾಹೀಸ್ತಾ ಒಂದಿಷ್ಟು ಬೆಳೆಯುತ್ತಾಳೆ. ಹಲ್ಲು ಬಂತು. ಜಡೆ ಬಂತು. ಬೆಲ್ಲ ಕದಿಯುವ ಚಾಳಿ ಬಂತು. ಜನ ನಗುತ್ತಾರೆ, ಕೊಡುತ್ತಾರೆ.

ಇವತ್ತು ರೈಸ್‌ಮಿಲ್ ವಿರೂಪಾಕ್ಷಪ್ಪನವರ ಮನೆ. ಅವರ ಹೆಂಡತಿ ಯಂಕಮ್ಮ ಕೇಳುತ್ತ ಕೇಳುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಒಂದು ಕಾರ್ಯಕ್ರಮ ಇಡ್ರಿ ಯವ್ವಾ. ನಿನ್ನ ಮಗಳನ್ನ ಕರಕೊಂಡು ಬಾ. ಅಕಿ ಕೈಯಾಗ ಚೆಕ್ ಕೊಡ್ತೀನಿ. ಮಸ್ಕಿ ಸೆಂಟರಿನ ಖರ್ಚೆಲ್ಲ ನಮ್ದು."

ಆಗಲ್ರೀ ಅಂದೆ. ಅಂದುಬಿಟ್ಟೆ.

ಜುಲೈ 20

ಕಾರ್ಯಕ್ರಮಕ್ಕೊಬ್ಬ ಶಾಹೀಸ್ತಾ ಬೇಕಿತ್ತು. ನಿಶಾತ್ ಸಿಕ್ಕಳು. ಸಿಗುವುದೇನು, ತೊಡೆಯ ಮೇಲೇ ಇದ್ದಳು. ಭಾವನ ಹೆಂಡತಿ ಫಿರ್ದೋಸ್ ಭಾಭಿಯ ಮಗಳು. ಭಾಭಿ ಉರ್ದು ಶಾಲೆಗೆ ಪಾಠ ಹೇಳಲು ಹೋದರೆ ಸಂಜೆತನಕ ಇವಳು ನನ್ನ ಹತ್ತಿರವೇ.

ನನ್ನ ಕೂಸು ತೀರಿದ ವಾರವೇ ಇವಳು ಹುಟ್ಟಿದ್ದು. ಭಾಭಿಗೆ ಹಾಲು ಬರಲಿಲ್ಲ. ನನಗೆ ಬಂತು, ಕುಡಿಯುವವರಿಲ್ಲದೆ. ಎರಡು ತಿಂಗಳು ಎದೆಗೆ ಹಾಕಿಕೊಂಡೆ. ನಮ್ಮಲ್ಲಿ ಹಾಲುಣಿಸಿದವಳೂ ತಾಯಿಯೇ — ಹಿರಿಯರು ಹೇಳುವ ಮಾತು. ಭಾಭಿಯ ಬಾಯಿಂದ ಮಾತ್ರ ಒಂದು ದಿನವೂ ಬಂದಿಲ್ಲ.

"ನಿನ್ನ ಹೆಸರೇನು?"

"ಶಾಹೀಸ್ತಾ."

"ನಾ ಯಾರು?"

"ಅಮ್ಮಿ."

ಆಟ ಅಂದುಕೊಂಡಿದ್ದಾಳೆ. ಕೈ ಹಿಂದೆ ಕಟ್ಟಿ, ಗಲ್ಲ ಎತ್ತಿ ಹೇಳಬೇಕು, ಅದನ್ನೂ ಕಲಿತಳು. ಮೊದಲ ದಿನವೇ ಪಾಠ ಬಂದಿತ್ತು. ಆದರೂ ದಿನಾ ಕೇಳುತ್ತೇನೆ. ಅಭ್ಯಾಸಕ್ಕೆ ಅಷ್ಟು ಬೇಕಿಲ್ಲ. ನನಗೆ ಬೇಕು.

ಆಗಸ್ಟ್ 3, ಭಾನುವಾರ

ಲಿಂಗಸುಗೂರಿನಲ್ಲಿ ಕಾರ್ಯಕ್ರಮ. ಮೇಡಂ ಊಟಕ್ಕೆ ಕರೆದಿದ್ದಾರೆ ಎಂದು ಭಾಭಿಗೆ ಹೇಳಿ ನಿಶಾತ್‌ಳನ್ನು ಕರೆದುಕೊಂಡು ಹೋದೆ.

ಮೈಕಿನ ಮುಂದೆ ಸ್ಟೂಲ್ ಮೇಲೆ ನಿಲ್ಲಿಸಿದರು. ಒಂದಕ್ಷರ ತಪ್ಪಲಿಲ್ಲ. ಯಂಕಮ್ಮ ಮುದ್ದಿಟ್ಟು ಅತ್ತರು. ಚೆಕ್, ಚಪ್ಪಾಳೆ, ಫೋಟೋ. ಮೇಡಂ ನನ್ನ ಕೈ ಒತ್ತಿದರು.

ಇಳಿಯುವಾಗ ಮೆಟ್ಟಿಲಿನಲ್ಲಿ ಎಡವಿ ಬಿದ್ದಳು. "ಅಮ್ಮೀ" ಎಂದು ಅಳುತ್ತ ನನ್ನ ಕೊರಳಿಗೆ ಬಿದ್ದಳು. ಆಗ ಯಾರೂ ನೋಡುತ್ತಿರಲಿಲ್ಲ. ಆಟ ಮುಗಿದಿತ್ತು.

ಇಷ್ಟು ಖುಷಿ ನನಗೆ ಆಗಬಾರದಿತ್ತು.

ಆಗಸ್ಟ್ 5



ಊಟಕ್ಕೆ ಕೂತಿದ್ದೆವು. ಭಾಭಿ ತುತ್ತು ಹಿಡಿದು ಕರೆದಳು, "ನಿಶಾತ್, ಬಾ."

"ನಾ ನಿಶಾತ್ ಅಲ್ಲ. ನಾ ಶಾಹೀಸ್ತಾ. ನಮ್ಮ ಅಮ್ಮಿ ಅಕಿ." ಬೆರಳು ನನ್ನ ಕಡೆ.

ಅತ್ತೆ "ಯಾ ಅಲ್ಲಾ" ಎಂದು ತಟ್ಟೆ ಸರಿಸಿದರು. ಸತ್ತ ಕೂಸಿನ ಹೆಸರು ಬದುಕಿದ ಕೂಸಿನ ಬಾಯಲ್ಲಿ. ಭಾಭಿ ನನ್ನನ್ನು ನೋಡಲೇ ಇಲ್ಲ. ಮಗಳ ಕಪಾಳಕ್ಕೆ ಹೊಡೆದಳು.

"ಹೆಸರು ಹೇಳು."

"ಶಾಹೀಸ್ತಾ."

ಮತ್ತೊಂದು. ಮತ್ತೆ ಕೇಳಿದಳು. ಪಾಪ ಕೂಸು, ತಪ್ಪಿದರೆ ನನಗೆ ಬೇಜಾರಾಗುತ್ತದೆಂದು ನನ್ನ ಮುಖವನ್ನೇ ನೋಡುತ್ತ, ಅಳುತ್ತ, ಅದೇ ಹೆಸರು ಹೇಳಿತು. ಎದ್ದೆ. ನಾಸೀರ್ ರಟ್ಟೆ ಹಿಡಿದು ಕೂರಿಸಿದ.

"ನಾ ಹಾಲು ಕುಡಿಸೀನಿ ಅಕಿಗೆ!" ಎಂದು ಕಿರುಚಿದೆ.

ಭಾಭಿ ಆಗ ನೋಡಿದಳು. ದನಿ ಏರಿಸಲಿಲ್ಲ. "ಆಕಳೂ ಕುಡಸ್ತೈತಿ. ಅದಕ್ಕೇನು ಅಮ್ಮಿ ಅಂತಾರೇನು?"

ನಿಶಾತ್ ಎಂದು ಹೇಳುವ ತನಕ ಹೊಡೆದಳು.

ಆಗಸ್ಟ್ 8

ಮಗುವಿಗೆ ಜ್ವರ. ಸತ್ತವಳು ಬಂದು ಹೊಕ್ಕಿದ್ದಾಳೆ ಎನ್ನುತ್ತಾರೆ ಅತ್ತೆ. ದರ್ಗಾದಿಂದ ತಾಯಿತ ತಂದು ಕಟ್ಟಿದರು. ಆ ಕೋಣೆಗೆ ನಾನು ಹೋಗುವಂತಿಲ್ಲ. ಒದ್ದೆ ಬಟ್ಟೆಯಿಂದ ಮೈ ಒರೆಸಿರಿ, ದವಾಖಾನೆಗೆ ಕರೆದೊಯ್ಯಿರಿ ಎಂದು ಬಾಗಿಲ ಹೊರಗಿನಿಂದ ಹೇಳಿದೆ.

"ನಿನ್ನ ಕ್ಲಾಸು ಹೊರಗ ಇಟ್ಕೋ" ಎಂದರು ಅತ್ತೆ.

ಸೆಪ್ಟೆಂಬರ್ 14

ತಿಂಗಳ ಮೇಲಾಯಿತು ಬರೆದು.

ಜ್ವರ ಬಿಟ್ಟ ಮರುದಿನವೇ ಭಾಭಿ ಮಗಳನ್ನು ಕರೆದುಕೊಂಡು ಮುದಗಲ್‌ಗೆ, ತವರಿಗೆ ಹೋದಳು. ಅಲ್ಲೇ ಶಾಲೆಗೂ ಹಾಕಿದ್ದಾಳೆ.

ನನಗೆ ಸರ್ಟಿಫಿಕೇಟ್ ಬಂತು. ಮಸ್ಕಿ ಸೆಂಟರೂ ಬಂತು. ಪೇಢೆ ತಂದಿಟ್ಟೆ. ಯಾರೂ ಮುಟ್ಟಲಿಲ್ಲ, ಇರುವೆ ತಿಂದವು. ಬಾಗಿಲ ಮೇಲೆ ನನ್ನ ಹೆಸರು ಬರೆಸಿದ್ದಾರೆ. ದಿನಾ ಓದುತ್ತೇನೆ. ಎರಡು ನಿಮಿಷದ ಸುಖ.

ಯಂಕಮ್ಮ ಬಿಡುತ್ತಿಲ್ಲ. ಶಾಹೀಸ್ತಾಗೆ ಬೆಳ್ಳಿ ಗೆಜ್ಜೆ ಮಾಡಿಸಿದ್ದಾರಂತೆ, ತಾವೇ ಬಂದು ಕಾಲಿಗೆ ಹಾಕಬೇಕಂತೆ. ಊರಿಗೆ ಹೋಗಿದ್ದಾಳೆ ಎಂದಿದ್ದೇನೆ. ಎಷ್ಟು ದಿನ ಹೇಳಲಿ.

ಅಕ್ಟೋಬರ್ 26, ಭಾನುವಾರ

ತಡೆಯಲಾಗಲಿಲ್ಲ. ಮುದಗಲ್‌ಗೆ ಹೋದೆ.

ನಿಶಾತ್ ಹೊಸ್ತಿಲಲ್ಲಿ ಆಡುತ್ತಿದ್ದಳು. ನೋಡಿದಳು, ಓಡಿ ಬರಲಿಲ್ಲ. ಹಿಂದೆ ಭಾಭಿ ಬಂದು ನಿಂತಳು. ನಾನು ಬಂದೇ ಬರುತ್ತೇನೆಂದು ಕಾದಿದ್ದಳೋ ಏನೋ.

"ಇಕಿ ಯಾರು, ಹೇಳು."

ಕೂಸು ಕೈ ಹಿಂದೆ ಕಟ್ಟಿತು. ಗಲ್ಲ ಎತ್ತಿತು. "ಶಾಹೀಸ್ತಾ ಸತ್ತಾಳ. ಅಕಿ ಅಮ್ಮಿನೂ ಸತ್ತಾಳ. ಇಕಿ ಯಾರೂ ಅಲ್ಲ."

"ಶಾಣ್ಯಾಕಿ" ಎಂದು ತಲೆ ಸವರಿದಳು ಭಾಭಿ. ನನಗೆ ಹೇಳಿದಳು, "ಚಾ ಕುಡದು ಹೋಗು. ಮನಿಗೆ ಬಂದವರನ್ನ ಹಂಗ ಕಳಸಬಾರದು."

ಕುಡಿದೆ. ನಿಶಾತ್ ಒಳಗೆ ಹೋಗಿ ಆಡತೊಡಗಿದ್ದಳು. ತಿರುಗಿ ಬರಲಿಲ್ಲ. ಹೊಡೆಸಿಕೊಂಡು ಅತ್ತಿದ್ದ ಕೂಸು ಅದು, ಸಿಟ್ಟಾಗಬಾರದು. ಸಿಟ್ಟು ಬಂದಿದೆ. ಆ ಕೂಸಿನ ಮೇಲೇ.

ನವೆಂಬರ್ 4

ಮೇಡಂ ಮಸ್ಕಿಗೆ ಬಂದಿದ್ದರು. ಯಂಕಮ್ಮನಿಂದ ಅವರಿಗೂ ಫೋನ್ ಮೇಲೆ ಫೋನ್.

"ಒಂದ ದಾರಿ ಐತಿ ವಸೀಮಾ. ಜ್ವರ ಬಂದು ತೀರಿಕೊಂಡ್ಲು ಅನ್ನೋಣ. ಮಕ್ಕಳ ಜ್ವರದ ಬಗ್ಗೆ ತಾಯಂದಿರಿಗೆ ತರಬೇತಿ ಸುರು ಮಾಡಾಕತ್ತೀವಲ್ಲ, ಅಕಿ ಹೆಸರಿಲೇ ದೇಣಿಗಿ ಎತ್ತೋಣ."

"ಸತ್ತ ಕೂಸಿಗೆ ಯಾರೂ ಕೊಡೂದಿಲ್ಲ ಅಂದಿದ್ರಿ."

"ಕಂಡಿರಲಾರದ ಕೂಸಿಗೆ ಕೊಡೂದಿಲ್ಲ. ಇಕಿನ್ನ ಎಲ್ಲಾರೂ ಕಂಡಾರ."

ಮೊಬೈಲಿನಲ್ಲಿ ಬ್ಯಾನರ್ ತೋರಿಸಿದರು. ಆಗಲೇ ಮಾಡಿಸಿಯೂ ಆಗಿತ್ತು. ವೇದಿಕೆಯ ಮೇಲಿನ ನಿಶಾತ್ ಮುಖ, ಸುತ್ತ ಹೂವಿನ ಹಾರ. ಬೇಡ ಅನ್ನಬಹುದಿತ್ತು. ಮೇಡಂ ಬಾಯಿಬಿಟ್ಟೇ ಕೇಳಿದರು, ಬೇಡಾದ್ರ ಹೇಳ್ರಿ ಎಂದು.

"ನಮ್ಮಲ್ಲಿ ಫೋಟೋಕ್ಕ ಹಾರ ಹಾಕೂದಿಲ್ರೀ. ಕಪ್ಪು ಅಂಚು ಸಾಕು."

ಅಷ್ಟೇ ಅಂದೆ.

ನವೆಂಬರ್ 7

ಬ್ಯಾನರ್ ಬಂತು. ಸೆಂಟರಿನ ಮುಂದೆ, ರಸ್ತೆಗೆ ಎದುರಾಗಿ ಕಟ್ಟಿಸಿದೆ. ಯಂಕಮ್ಮ ಬೆಳಿಗ್ಗೆಯೇ ಬಂದು ನನ್ನನ್ನು ತಬ್ಬಿಕೊಂಡು ಅತ್ತರು. ನಾನೂ ಅತ್ತೆ. ಅದು ನಾಟಕವಲ್ಲ. ಯಾರಿಗಾಗಿ ಅತ್ತೆನೋ ಅದು ಮಾತ್ರ ಗೊತ್ತಿಲ್ಲ. ಶಾಹೀಸ್ತಾಗಾಗಿ ಒಬ್ಬರು ಅಳುವುದನ್ನು ಇವತ್ತೇ ನೋಡಿದ್ದು.

ಸಿಂಧನೂರು–ಮುದಗಲ್ ಬಸ್ಸು ಇದೇ ರಸ್ತೆಯಲ್ಲಿ ಹೋಗುತ್ತದೆ. ನಾಡಿದ್ದು ಅತ್ತೆಯನ್ನು ನೋಡಲು ಭಾಭಿ ಬರುತ್ತಾಳಂತೆ, ನಾಸೀರ್ ಹೇಳಿದ. ನೋಡಲಿ. ನೋಡಲಿ ಎಂದೇ ಇಲ್ಲಿ ಕಟ್ಟಿಸಿದ್ದು. ಎದೆ ಒಡೆಯಲಿ ಅವಳದು.

ಮಗಳನ್ನೂ ಕರೆತರುತ್ತಾಳಂತೆ. ನಿಶಾತ್‌ಗೆ ಬಸ್ಸಿನಲ್ಲಿ ಕಿಟಕಿಯೇ ಬೇಕು. ಓದಲು ಬರುವುದಿಲ್ಲ, ಆದರೆ ತನ್ನ ಮುಖ ಗೊತ್ತು. ಅಕಿ ಯಾರು ಎಂದು ಕೇಳುತ್ತಾಳೆ. ಕೇಳಿದರೆ ಭಾಭಿ ಏನು ಹೇಳುತ್ತಾಳೆ, ಸತ್ತಾಳ ಅಂತಲೇ?

ಈಗಲೇ ಹೋಗಿ ಬಿಚ್ಚಿಸಿದರೆ — ಬಿಚ್ಚಿಸಿದರೆ ಯಂಕಮ್ಮನಿಗೆ ಏನೆಂದು ಹೇಳಲಿ?