ಮನೆಗೆ ಬಂದ ಮೇಲೆ ಬಿಚ್ಚಿಡುವ ಕಿವಿ

ಜುಲೈ ೧೪, ಭಾನುವಾರ ಮಧ್ಯಾಹ್ನ

ನನ್ನ ಮುದ್ದು ಅಕ್ಕ,

ನಿನ್ನ ತಂಗಿ ಕಾಗದ ಬರೆಯುತ್ತಿದ್ದಾಳೆ, ಅದೂ ಕನ್ನಡದಲ್ಲಿ. ಬಿದ್ದು ಬಿದ್ದು ನಗು. ಇಂಗ್ಲಿಷ್ ಶಾಲೆಯಲ್ಲಿ ಓದಿದವಳ ಒತ್ತಕ್ಷರಗಳು ಎಲ್ಲೆಲ್ಲಿ ಜೋತುಬಿದ್ದಿವೆಯೋ, ನೀನೇ ಎತ್ತಿ ಕೂರಿಸಿಕೊಂಡು ಓದು. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಹೇಗೆ ಅಂತ ನಿನಗೆ ಗೊತ್ತಲ್ಲ, ನಗುನಗುತ್ತಲೇ ಇಟ್ಟುಬಿಡುತ್ತೇನೆ. ಹೇಳಬೇಕಾದದ್ದು ಗಂಟಲಲ್ಲೇ ಉಳಿಯುತ್ತದೆ.

ಮೊದಲು ಒಳ್ಳೆಯ ಸುದ್ದಿ. ನಾನು ತುಂಬಾ ತುಂಬಾ ಚೆನ್ನಾಗಿದ್ದೇನೆ. ಇವರು ಬೆಳಿಗ್ಗೆ ಶರ್ಟಿನ ಗುಂಡಿ ಹಾಕಿಕೊಳ್ಳುವುದನ್ನು ನೋಡುತ್ತಾ ನಿಂತು ಈಗಲೂ ಹಾಲು ಉಕ್ಕಿಸುತ್ತೇನೆ. ಊರವರ ಫೋಟೋಗಳಿಗೆಲ್ಲ ಗಾಜು ಕತ್ತರಿಸಿ ಚೌಕಟ್ಟು ಹಾಕುವ ಮಹಾನುಭಾವರು ನಮ್ಮ ಮದುವೆಯ ಫೋಟೋವನ್ನು ಇನ್ನೂ ಲಕೋಟೆಯಲ್ಲೇ ಇಟ್ಟಿದ್ದಾರೆ. ಕೇಳಿದರೆ, ಒಳ್ಳೆ ಗಾಜು ಬರಲಿ ತಾಳು ಅನ್ನುತ್ತಾರೆ. ಇಂಥವರ ಮೇಲೆ ಕೋಪ ಮಾಡಿಕೊಳ್ಳುವುದು ಹೇಗೆ ಹೇಳು.

ಇನ್ನೊಂದು ಸುದ್ದಿ, ಇವರ ಎರಡೂ ಕಿವಿಗೆ ಮೆಷಿನ್ ಬಂದಿದೆ. ಕಿವಿಯ ಹಿಂದೆ ಗೋಡಂಬಿಯ ಹಾಗೆ ಕೂರುತ್ತದೆ. ಅದರಿಂದ ಒಂದು ತೆಳು ನಳಿಕೆ ಮುಂದಕ್ಕೆ ಬಾಗಿ ಬರುತ್ತದೆ. ತುದಿಯಲ್ಲಿ ಕಿವಿಯ ಒಳಗೆ ಕೂರುವ ಅಚ್ಚು. ಚಿಕ್ಕಂದಿನ ಜ್ವರದಲ್ಲಿ ಕಿವಿ ಮುಕ್ಕಾಲು ಹೋದಂದಿನಿಂದ ಇವರು ಎದುರಿನವರ ತುಟಿ ನೋಡಿಯೇ ಮಾತು ತಿಳಿದುಕೊಂಡವರು, ನಿನಗೆ ಗೊತ್ತೇ ಇದೆ. ಮೆಷಿನ್ ಬೇಕು ಅಂತ ಹಟ ಹಿಡಿದವಳು ನಾನೇ. ಬೇಡ ಕಣೇ, ನಿನ್ನ ತುಟಿ ನೋಡಿದ್ರೆ ಸಾಕು, ಎಲ್ಲಾ ಕೇಳಿಸುತ್ತೆ ಅಂದರು. ಸಿನಿಮಾ ಡೈಲಾಗ್ ಆಮೇಲೆ, ಈಗ ಚಪ್ಪಲಿ ಹಾಕ್ಕೊಳ್ಳಿ ಅಂತ ಎಳೆದುಕೊಂಡು ಹೋದೆ. ನನ್ನ ಗಂಡ ನನ್ನ ಧ್ವನಿಯನ್ನು ಒಂದು ಸಲವಾದರೂ ಸರಿಯಾಗಿ ಕೇಳಬೇಕು ಅನ್ನುವುದೊಂದೇ ಆಸೆ. ಅಷ್ಟೇ ಅಕ್ಕ, ಬೇರೆ ಏನೂ ಕೇಳಿರಲಿಲ್ಲ.

ಕ್ಲಿನಿಕ್ಕಿನವರಿಗೆ ನಾನಿಟ್ಟ ಹೆಸರು ಕಿವಿ ಮೇಡಂ. ಅಳತೆ ತೆಗೆಯಲು ಇವರ ಕಿವಿಗೆ ಗುಲಾಬಿ ಬಣ್ಣದ ಹಿಟ್ಟಿನಂಥದ್ದು ತುಂಬಿ, ಅದು ಗಟ್ಟಿಯಾಗುವ ತನಕ ಮಾತಾಡ್ತಾ ಇರಿ, ದವಡೆ ಅಲ್ಲಾಡಿದ್ರೇ ಅಚ್ಚು ಸರಿಯಾಗಿ ಬರೋದು ಅಂದರು. ಇವರಿಗೆ ಮಾತೇ ಹೊರಡಲಿಲ್ಲ. ಇವರ ಬದಲು ನಾನು ಮಾತಾಡಿದೆ. ಕಿವಿ ಮೇಡಂ ತುಸು ಹೊತ್ತು ಕೇಳಿ, ಅಚ್ಚು ನಿಮಗಲ್ಲಮ್ಮ ಅಂದರು.

ಮೊದಲ ಅಚ್ಚು ಸಡಿಲವಾಯಿತು. ನಾನು ತಬ್ಬಿಕೊಂಡರೆ ಸಾಕು, ಕುಯ್ ಅಂತ ಸೀಟಿ. ಹೆಂಡತಿ ಹತ್ತಿರ ಬಂದರೆ ಕಿವಿ ಪೊಲೀಸರನ್ನು ಕರೆಯುತ್ತದೆ ಅಂತ ನಾವಿಬ್ಬರೂ ನಕ್ಕು ನಕ್ಕು ಸುಸ್ತಾದೆವು. ಅಚ್ಚು ಸರಿಯಾಗಿ ಮುಚ್ಚದಿದ್ದರೆ ಒಳಗಿನ ಸದ್ದು ಸೋರಿ ಹೊರಬಂದು ಮತ್ತೆ ಮೆಷಿನ್ನಿಗೇ ಸೇರುತ್ತದಂತೆ, ಸೀಟಿ ಅದರದ್ದು. ಬಲಗಿವಿಯಲ್ಲಿ ಅಚ್ಚಿನ ಅಂಚು ಉಜ್ಜಿ ಕೆಂಪಾಯಿತು. ಕನ್ನಡಕದ ದಪ್ಪ ಕಡ್ಡಿಗೂ ಮೆಷಿನ್ನಿಗೂ ಕಿವಿಯ ಹಿಂದೆ ಜಾಗಕ್ಕಾಗಿ ಜಗಳ. ನಾನು ಸುಮ್ಮನಿದ್ದೆನಾ? ಮತ್ತೆ ಮತ್ತೆ ಕರೆದುಕೊಂಡು ಹೋದೆ. ಹೊಸ ಅಚ್ಚು ಬಂತು, ಅಂಚು ನಯವಾಯಿತು, ನಳಿಕೆ ತುಸು ಗಿಡ್ಡವಾಯಿತು. ಕನ್ನಡಕಕ್ಕೆ ತಂತಿಯಂಥ ಕಡ್ಡಿ ಹಾಕಿಸಿದೆವು. ಸ್ವಂತ ಮಾತು ಕೊಡದೊಳಗೆ ಆಡಿದ ಹಾಗೆ ಗುಂಯ್ಗುಡುತ್ತದೆ ಅಂದಾಗ ಅಚ್ಚಿನಲ್ಲಿ ಗಾಳಿಯಾಡಲು ಸಣ್ಣ ತೂತು ಕೊರೆದರು. ಮೊದಮೊದಲು ಸ್ವಲ್ಪ ಸ್ವಲ್ಪ ಹೊತ್ತು ಹಾಕ್ಕೊಳ್ಳಿ, ಗಲಾಟೆ ಇಲ್ಲದ ಕಡೆ, ಮನೇಲಿ ಒಬ್ಬರ ಧ್ವನಿಗೆ ಹೊಂದಿಕೊಳ್ಳಿ, ಆಮೇಲೆ ಅಂಗಡಿಗೆ ಅಂತ ಕಿವಿ ಮೇಡಂ ಹೇಳಿದರು. ಆ ಒಬ್ಬರ ಧ್ವನಿ ನಾನು. ನನಗೆ ಕೊಂಬು ಬಂದ ಹಾಗಾಯಿತು.

ಹೊಸ ಅಚ್ಚು ಹಾಕಿಕೊಂಡ ಸಂಜೆ ಇವರನ್ನು ಕುರ್ಚಿಯಲ್ಲಿ ಕೂರಿಸಿ ನಾನು ಎದುರು ನೆಲದ ಮೇಲೆ ಕೂತು ಶುರು ಮಾಡಿದೆ. ಮಹಡಿಯವರ ಜಗಳ, ನಲ್ಲಿ ಸೋರುವುದು, ನನ್ನ ಹಳೆಯ ಟೀಚರ್, ಎಲ್ಲ. ಇವರು ಕಣ್ಣು ಮುಚ್ಚಿಕೊಂಡು ಕೇಳುತ್ತಾ ಕೂತಿದ್ದರು. ನನ್ನ ಎದುರು ಇವರು ಕಣ್ಣು ಮುಚ್ಚಿಕೊಂಡದ್ದು ಅದೇ ಮೊದಲು. ಎಷ್ಟು ಚೆಂದ ಕಾಣುತ್ತಿದ್ದರು ಅಂತೀ. ಆಮೇಲೆ ಥಟ್ಟನೆ ಕಣ್ಣು ತೆರೆದು ನನ್ನ ಬಾಯಿಯನ್ನೇ ನೋಡಿದರು. ಏನಂದೆ ಅಂತ ಕೇಳಿದರು. ಪಾಪ, ಸುಸ್ತಾಯ್ತಾ ಅಂತ ಕೇಳ್ದೆ ಅಂದೆ. ಎರಡೂ ಮೆಷಿನ್ ತೆಗೆದು ಡಬ್ಬಿಯಲ್ಲಿಟ್ಟು, ನೋಯ್ತಿದೆ ಅಂದರು.

ಅವತ್ತಿನಿಂದ ಮನೆಯಲ್ಲಿ ಹಾಕಿಕೊಳ್ಳಲೇ ಇಲ್ಲ. ಟಾರ್ಚ್ ಹಿಡಿದು ನೋಡಿದೆ, ಕಿವಿ ಎಲ್ಲೂ ಕೆಂಪಾಗಿಲ್ಲ. ಮತ್ತೆ ಕ್ಲಿನಿಕ್ಕಿಗೆ ಹೋದೆವು. ಕಿವಿ ಮೇಡಂ ಒತ್ತಿ ನೋಡಿ, ತಿರುಗಿಸಿ ನೋಡಿ, ಇಷ್ಟು ಚೆನ್ನಾಗಿ ಕೂತಿರೋದು ಅಪರೂಪ, ನೋವಾಗಬಾರ್ದಲ್ಲ ಅಂದರು. ಇವರು ನೆಲ ನೋಡುತ್ತಾ ಕೂತಿದ್ದರು.

ಹೋದ ವಾರ ಟಿಫಿನ್ ಡಬ್ಬಿ ಮರೆತು ಹೋಗಿದ್ದರು, ಕೊಡೋಣ ಅಂತ ಅಂಗಡಿಗೆ ಹೋದೆ. ಬಾಗಿಲಲ್ಲೇ ನಿಂತುಬಿಟ್ಟೆ. ಇವರ ಎರಡೂ ಕಿವಿಯಲ್ಲಿ ಮೆಷಿನ್. ಗಾಜಿನ ಮೇಲೆ ಗೆರೆ ಎಳೆದು, ಆ ಸರ್ ಅನ್ನುವ ಸದ್ದಿಗೆ ತಲೆ ವಾಲಿಸಿ, ಈಗ ಸರಿಯಾಗಿ ಕೊಯ್ತು ನೋಡಿ, ಸದ್ದಲ್ಲೇ ಗೊತ್ತಾಗುತ್ತೆ ಅಂತ ಮಾಲೀಕರಿಗೆ ಹೇಳುತ್ತಿದ್ದರು. ಬೆನ್ನು ಹಾಕಿ ನಿಂತ ಮಾಲೀಕರು, ಇನ್ಮೇಲೆ ನಿನ್ನ ಬೆನ್ನ ಹಿಂದೆ ಮಾತಾಡೋ ಹಾಗಿಲ್ಲ ಕಣಯ್ಯಾ ಅಂದರೆ ಇವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನನ್ನನ್ನು ಕಂಡರು. ಕೈ ತಾನಾಗಿ ಕಿವಿಯ ಹಿಂದೆ ಹೋಯಿತು. ಇಡೀ ಊರಿಗೆ ತೆರೆದ ಕಿವಿ, ಅಕ್ಕ. ನಾನು ಬಂದೆ ಅಂತ ಮುಚ್ಚಿತು.

ಸಂಜೆ ಮನೆಯಲ್ಲಿ ಕೂಗಾಡಿದೆ. ನನ್ನ ಧ್ವನಿ ಅಷ್ಟು ಕೆಟ್ಟದಾಗಿದೆಯಾ, ಕಾಗೆ ಕೂಗಿದ ಹಾಗಿದೆಯಾ ಅಂತ ಕೇಳಿದೆ. ಧ್ವನಿ ಚೆನ್ನಾಗೇ ಇದೆ, ನಾನಂದುಕೊಂಡಿದ್ದಕ್ಕಿಂತ ಚೆನ್ನಾಗಿದೆ, ಆದ್ರೆ ನೀನು ನನ್ನನ್ನ ಮಾಮ ಅಂತ ಕರೀತಿದ್ದೀಯ ಅಂದ್ಕೊಂಡಿದ್ದೆ ಅಂದರು.

ಕನ್ನಡಿಯ ಮುಂದೆ ಹೋಗಿ ನಿಲ್ಲು. ದನಿ ಮಾಡದೆ ಮಾಮ ಅನ್ನು, ಆಮೇಲೆ ಪಾಪ ಅನ್ನು. ತುಟಿ ಎರಡಕ್ಕೂ ಒಂದೇ ಥರ ಮುಚ್ಚಿ ಒಂದೇ ಥರ ತೆರೆಯುತ್ತದೆ. ಇವರ ಅಮ್ಮ ಇವರ ಅಪ್ಪನನ್ನು ಮಾಮ ಅಂತ ಕರೆಯುತ್ತಿದ್ದರಂತೆ. ಜ್ವರ ಬರುವ ಮೊದಲು ಇವರು ಕಿವಿಯಾರೆ ಕೇಳಿ ಉಳಿಸಿಕೊಂಡ ಮಾತು ಅದು. ಮೊದಲ ಸಲ ನಮ್ಮ ಮನೆಗೆ ಬಂದ ದಿನ ಇವರ ಲೋಟ ಜಾರಿ ನೀರೆಲ್ಲ ಮಡಿಲಿಗೆ ಚೆಲ್ಲಿತಲ್ಲ, ಆಗ ನಾನು ಏನೋ ಅಂದೆನಂತೆ. ಏನಂದಿರುತ್ತೇನೆ ಅಂತ ನಿನಗೆ ಗೊತ್ತು. ಇವರು ಮಾಮ ಅಂತ ಓದಿಕೊಂಡು, ಇವಳನ್ನೇ ಮದುವೆಯಾಗುತ್ತೇನೆ ಅಂತ ಅಲ್ಲೇ ತೀರ್ಮಾನ ಮಾಡಿದರಂತೆ.

ನಮ್ಮ ಮನೆಯಲ್ಲಿ ಪಾಪ ಅನ್ನುವುದು ಉಸಿರಾಟದ ಹಾಗೆ, ಹೌದಲ್ಲ? ಹಾಲು ಕುಡಿಯದ ಬೆಕ್ಕಿಗೆ ಪಾಪ, ಒಡೆದ ಕಪ್ಪಿಗೆ ಪಾಪ, ಸವೆದ ಚಪ್ಪಲಿಗೂ ಪಾಪ. ಇದನ್ನೆಲ್ಲ ಇವರಿಗೆ ಬಿಡಿಸಿ ಬಿಡಿಸಿ ಹೇಳಿದೆ. ಗೊತ್ತು ಬಿಡೇ ಅಂದರು. ಆದರೆ ಒಳಗೆ ಒಂದು ಮುಳ್ಳು ಮುರಿದು ಕೂತಿದೆ. ಇವರ ವಿಷಯದಲ್ಲಿ ಅದು ಬರೀ ಅಭ್ಯಾಸವಾಗಿತ್ತಾ? ಹತ್ತು ಜನ ಸೇರಿದ ಕಡೆ ಯಾರ ಬಾಯಿ ನೋಡಬೇಕು ಅಂತ ತಿಳಿಯದೆ ಇವರು ಸುಮ್ಮನೆ ನಗುತ್ತಿದ್ದುದನ್ನು ನೋಡಿ ನನ್ನ ಕರುಳು ಕಿವುಚುತ್ತಿತ್ತು. ನಾನು ಅದನ್ನೇ ಪ್ರೀತಿ ಅಂದುಕೊಂಡಿದ್ದೆ. ಪ್ರೀತಿಯೇ ಇರಬೇಕು. ನಿನಗೆ ಗೊತ್ತಿದ್ದರೆ ಹೇಳು.

ಹಾಗಾದರೆ ಕೋಪಾನಾ ಅಂತ ಕೇಳಿದೆ. ಇಲ್ಲಮ್ಮ, ಬಿಚ್ಚಿಟ್ರೆ ನೀನು ಮಾಮ ಅಂತಲೇ ಕರೀತೀಯ, ಅದಕ್ಕೇ ಬಿಚ್ಚಿಡ್ತೀನಿ ಅಂದರು.

ನಾನು ಸೋಲುವವಳಲ್ಲ. ನಾಲಿಗೆ ತಿದ್ದಿಕೊಂಡು ಮಾಮ ಅಂತ ಬಾಯ್ತುಂಬ ಕರೆಯುತ್ತೇನೆ. ಇವರ ಕಿವಿಗೆ ಮೆಷಿನ್ ಹೊಂದಿತಲ್ಲ, ಆ ಮೆಷಿನ್ನಿಗೆ ನಾನೂ ಹೊಂದಿಕೊಳ್ಳುತ್ತೇನೆ. ನೀನು ಬರುವಷ್ಟರಲ್ಲಿ ಎಲ್ಲ ಸರಿಯಾಗಿರುತ್ತದೆ. ಅಮ್ಮನಿಗೆ ಮಾತ್ರ, ಅಳಿಯನಿಗೆ ಈಗ ಚೆನ್ನಾಗಿ ಕೇಳಿಸುತ್ತದೆ ಅಂತ ಹೇಳು. ಸುಳ್ಳೇನಲ್ಲ.

ರಾಶಿ ಮುತ್ತುಗಳೊಂದಿಗೆ,
ನಿನ್ನ ಬಾಯಿಬಡುಕಿ

ತಾ.ಕ.: ನಾಲಿಗೆ ತಿದ್ದುವ ಕೆಲಸ ಆಗಲೇ ಆಗಿಹೋಗಿದೆ ಅಕ್ಕ, ಮೇಲೆ ಬರೆಯಲು ಮನಸ್ಸಾಗಲಿಲ್ಲ. ಮೊನ್ನೆ ನನಗೋಸ್ಕರ ಮೆಷಿನ್ ಹಾಕಿಕೊಂಡು ಕೂತರು. ನಾನು ಎದುರು ಕೂತು ಮಾಮ ಅಂತ ಕರೆದೆ. ಅಷ್ಟು ಕಷ್ಟಪಟ್ಟು ಅನ್ಬೇಡ ಕಣೇ ಅಂತ ತೆಗೆದಿಟ್ಟರು. ಆಮೇಲಿಂದ ನಾನು ಮನೆಯಲ್ಲಿ ದನಿ ತೆಗೆದಿಲ್ಲ, ಬರೀ ತುಟಿ ಆಡಿಸುತ್ತೇನೆ. ಇವರಿಗೆ ಅದು ತಿಳಿದೇ ಇಲ್ಲ, ಮೊದಲಿನ ಹಾಗೆ ನಗುತ್ತಾ ಓಡಾಡುತ್ತಿದ್ದಾರೆ. ಇವತ್ತು ಬೆಳಿಗ್ಗೆ ಆ ಮಾತು ತಾನಾಗಿ ತುಟಿಗೆ ಬಂತು. ಪ ಅಂದೆನೋ ಮ ಅಂದೆನೋ, ದನಿಯೇ ಇಲ್ಲದ ಮೇಲೆ ನನಗೂ ತಿಳಿಯಲಿಲ್ಲ. ಇವರು ಮಾತ್ರ ಓ ಅಂದರು.