ತುಂಬೆವ್ವನ ಸೋದರತ್ತೆ

ಹಳಿಯಾಳ
ತಾ. ೨೧–೨–೧೯೪೩

ಚಿರಂಜೀವಿ ತಮ್ಮ ಬಸಲಿಂಗಯ್ಯನಿಗೆ,

ಅಕ್ಕ ನೀಲಕ್ಕ ಮಾಡುವ ಆಶೀರ್ವಾದಗಳು. ನಾನು ಗಟ್ಟಿಯಾಗಿದ್ದೇನೆ, ಹಿತ್ತಲಿನ ಎಮ್ಮೆಯೂ ಗಟ್ಟಿಯಾಗಿದೆ. ಧಾರವಾಡದಲ್ಲಿ ನೀನು, ಶಿವಗಂಗವ್ವ, ಕೂಸು ಮೂವರೂ ಸುಖವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಪತ್ರ ಬಂದು ಎರಡು ತಿಂಗಳು ದಾಟಿತು. ತಡವಾಯಿತು, ಸಿಟ್ಟಾಗಬೇಡ. ಕಾಗದ ಸಿಗಲಿಲ್ಲ ಎಂದು ಬರೆಯಬೇಕೆಂದಿದ್ದೆ. ಈ ಯುದ್ಧದ ದೆಸೆಯಿಂದ ಅದು ಅರ್ಧ ನಿಜವೂ ಹೌದು. ಈ ಹಾಳೆಯನ್ನು ಅಪ್ಪನ ಹಳೆಯ ಹಾಜರಿ ಪುಸ್ತಕದಿಂದ ಹರಿದುಕೊಂಡಿದ್ದೇನೆ. ಉಳಿದರ್ಧ ನಿಜ ಏನೆಂದರೆ ನಿನಗೆ ಬರೆಯಲು ಕೈ ಬರಲಿಲ್ಲ.

ಊರಲ್ಲಿ ಹೊಸದೇನೂ ಇಲ್ಲ. ಸೀಮೆಎಣ್ಣೆ ಇಲ್ಲದ್ದರಿಂದ ಹೊತ್ತು ಮುಳುಗುವುದರೊಳಗೆ ಎಲ್ಲರ ಊಟ ಮುಗಿಯುತ್ತದೆ. ದಾಂಡೇಲಿಯಿಂದ ತೇಗದ ದಿಮ್ಮಿಗಳು ರೈಲು ತುಂಬಿ ಹೋಗುತ್ತಲೇ ಇವೆ, ಎಲ್ಲಾ ಲಡಾಯಿಗಂತೆ. ಓಣಿಯ ಚಾಂದಬಿಗೆ ಕೆಮ್ಮು ಹತ್ತಿ ಬಿಟ್ಟಿತು, ಈಗ ನೆಟ್ಟಗಾಗಿದ್ದಾಳೆ. ಜಗಳಕ್ಕೆ ಮತ್ತೆ ಬರತೊಡಗಿದ್ದಾಳೆ ಎಂದ ಮೇಲೆ ನೆಟ್ಟಗಾಗಿದ್ದಾಳೆಂದೇ ಲೆಕ್ಕ.

ನಿನ್ನ ಕಾದಂಬರಿಯನ್ನು ಅಚ್ಚು ಹಾಕಲು ಒಪ್ಪಿದ್ದಾರೆಂದು ಓದಿ ಸಂತೋಷವಾಯಿತು. ನೀನು ಬೇಡಿದ್ದು ನಾಲ್ಕು ಹೆಸರು. ವರ್ಷಗಟ್ಟಲೆ ನಿನ್ನ ಕಥೆಯ ಮಂದಿಗೆ ಹೆಸರಿಟ್ಟಿದ್ದೇನೆ, ಆದರೂ ಪ್ರತಿ ಸಲ ನೀನು ನಿನ್ನದೊಂದು ಹೆಸರು ಮೊದಲೇ ಬರೆದು ಕಳಿಸುತ್ತೀ, ನಾನು ಅದನ್ನು ಹೊಡೆದುಹಾಕಿದರೆ ಮೂರು ಪತ್ರ ವಾದ ಮಾಡುತ್ತೀ. ಈ ಸಲ ವಾದ ಬೇಡ.

ಬಂಡಿ ಹೊಡೆಯುವ ಮುದುಕನಿಗೆ ಶೌಕತ ಎಂದು ಬರೆದಿದ್ದೀ. ಚಾಂದಬಿಗೆ ಹೇಳಿದರೆ ಬಾಯಿಗೆ ಸೆರಗು ಹಿಡಿದು ನಕ್ಕಳು. ಶೌಕತ ಎಂಬುದು ಅವಳ ತಂಗಿಯ ಮೊಮ್ಮಗನ ಹೆಸರಂತೆ. “ಅರವತ್ತು ವರ್ಷದ ಮನಷ್ಯಾಗ ತೊಟ್ಲಾಗಿನ ಹೆಸರ ಇಡ್ತಾನೇನು ನಿನ್ನ ತಮ್ಮ?” ಎಂದು ಕೇಳಿದಳು. ಹೆಸರಿಗೂ ವಯಸ್ಸಿರುತ್ತದೆ ಎಂಬುದು ಮಾಸ್ತರನಾದ ನಿನಗೆ ತಿಳಿಯಬೇಡವೇ! ಅವನು ಹಸನಸಾಬ. ಎತ್ತಿಗೆ ಬೈಯುವಾಗಲೂ ಬಹುವಚನ ಬಿಡದಂಥ ಮನುಷ್ಯ ಎಂದು ಬರೆ.

ಕಾಡಿನ ಸಿದ್ದಿ ಮುದುಕನಿಗೆ ಹೆಸರು ಹುಡುಕುವುದು ನನಗೆ ಕಷ್ಟವಾಯಿತು. ಸೂಪಾದ ಕಡೆಯಿಂದ ಜೇನು ತರುವ ಮಾಗ್ದಲೀನಾ ಗೊತ್ತಲ್ಲ, ಸಂತೆಯ ದಿನ ಅವಳನ್ನು ಕೂಡ್ರಿಸಿಕೊಂಡು ಕೇಳಿದೆ. ಅವಳ ಅಪ್ಪನಿಗೆ ಪಾದ್ರಿ ಇಟ್ಟ ಹೆಸರು ಮಿಂಗೇಲ್ ಅಂತೆ. ಅದು ಇಗರ್ಜಿಯ ಪುಸ್ತಕದಲ್ಲಿ ಮಾತ್ರ, ಮನೆಯಲ್ಲಿ ಅವನನ್ನು ಸಾಕಿದ ಅಜ್ಜಿ ಕೂಗುತ್ತಿದ್ದ ಹೆಸರೇ ಬೇರೆ. ಅದೇನು ಹೇಳೇ ಎಂದರೆ ತಲೆ ಅಲ್ಲಾಡಿಸಿದಳು. “ಆ ಹೆಸರ ಅವಂದು, ಅಕ್ಕಾರ. ಕಥೀಗೆ ಕೊಡಾಕ ಬರೂದಿಲ್ಲ” ಎಂದಳು. ಅವಳ ಮಾತು ನನ್ನನ್ನು ಬಹಳ ಹೊತ್ತು ಕಾಡಿತು. ನಿನ್ನ ಮುದುಕನನ್ನು ಜುಜೆ ಎಂದು ಕರೆ. ಮನೆಯಲ್ಲಿ ಇನ್ನೊಂದು ಹೆಸರಿತ್ತು, ಅದು ಕಥೆ ಹೇಳುವವನಿಗೆ ತಿಳಿಯದು ಎಂದೂ ಬರೆ.

ದಾಂಡೇಲಿಯ ಡಿಪೋದ ಕಾರಕೂನನಿಗೆ ರಾಜಶೇಖರ ಬೇಡ. ಅವನು ನೆಲದ ಮೇಲೆ ಕೂತು ದಿಮ್ಮಿಗೆ ನಂಬರು ಹಾಕುವವನು. ಅವನ ತಾಯಿಗೆ ಮೊದಲೆರಡು ಕೂಸು ಉಳಿದಿರಲಿಲ್ಲ, ದ್ಯಾಮವ್ವನಿಗೆ ಹರಕೆ ಹೊತ್ತು ಇವನನ್ನು ಉಳಿಸಿಕೊಂಡಳು. ಆದ್ದರಿಂದ ದ್ಯಾಮಪ್ಪ. ನೀನು ಇದನ್ನು ಕಾದಂಬರಿಯಲ್ಲಿ ಬರೆಯದಿದ್ದರೂ ನಡೆಯುತ್ತದೆ, ನಿನಗೆ ಗೊತ್ತಿದ್ದರೆ ಸಾಕು.

ಇನ್ನು ನಾಲ್ಕನೆಯವಳು. “ಗಂಡ ತೀರಿಕೊಂಡ ಮೇಲೆ ತವರಿನಲ್ಲಿರುವವಳು, ಮಾತು ಖಾರ, ಮನಸ್ಸು ಮೆತ್ತಗೆ, ಓದುಬರಹ ಬಲ್ಲವಳು” ಎಂದು ಬರೆದಿದ್ದೀ. ಇವಳು ಯಾರೆಂದು ತಿಳಿಯದಷ್ಟು ದಡ್ಡಿ ನಾನಲ್ಲ. ಅವಳ ಹೆಸರಿಗಾಗಿ ಎಲ್ಲಿಯೂ ಹುಡುಕಲಿಲ್ಲ. ಅವಳ ವಿಷಯಕ್ಕೆ ಬರುವ ಮೊದಲು ನಿನ್ನೊಡನೆ ಒಂದಿಷ್ಟು ಮಾತಾಡುವುದಿದೆ.

ನಿನಗೆ ನೆನಪಿರಬೇಕು, ನಮ್ಮವರು ತೀರಿಕೊಂಡು ನಾನು ಇಲ್ಲಿಗೆ ಬಂದ ವರ್ಷ ದೊಡ್ಡಪ್ಪನ ಮಗನ ಮನೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕಿದರು. ಕೂಸಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು. ಆ ಕೂಸಿನ ಅಪ್ಪನಿಗೆ ಅಕ್ಕನ ಸ್ಥಾನದಲ್ಲಿ ಇದ್ದವಳು ನಾನೊಬ್ಬಳೇ. ಹಿಂದೆ ಮೂರು ಕೂಸುಗಳಿಗೆ ನಾನೇ ಹೆಸರು ಕೂಗಿದ್ದೆ, ಹೆಂಗಸರೆಲ್ಲ ನಗುತ್ತ ನನ್ನ ಬೆನ್ನಿಗೆ ಗುದ್ದಿದ್ದರು. ಅದೇ ರೂಢಿಯಲ್ಲಿ ತೊಟ್ಟಿಲ ಮೇಲೆ ಬಾಗಿದೆ. ಹಣೆ ಬೋಳಾದದ್ದು ಆ ಗಳಿಗೆಯಲ್ಲಿ ನನಗೇ ಮರೆತಿತ್ತು ನೋಡು. ಕಾಶೆವ್ವ ದೊಡ್ಡವ್ವ ತೋಳು ಹಿಡಿದು, “ನೀ ಸ್ವಲ್ಪ ಅತ್ತಾಗ ಸರಿ, ನೀಲಾ” ಎಂದಳು. ಮೆಲ್ಲಗೇ ಅಂದಳು, ಕೆಟ್ಟ ಮನಸ್ಸಿನಿಂದ ಅನ್ನಲಿಲ್ಲ. ಇಪ್ಪತ್ತೈದು ಹೆಂಗಸರ ನಡುವೆ ಗೋಡೆಗೆ ಸರಿದು ನಿಂತೆ.

ಆ ಸಂಜೆ ನೀನು ಹಿತ್ತಲಿಗೆ ಬಂದೆ. ಆಗ ನಿನಗೆ ಮೀಸೆ ಸಹ ಸರಿಯಾಗಿ ಬಂದಿರಲಿಲ್ಲ, ಮೊದಲ ಕಥೆ ಬರೆದು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದೆ. ನೀನು ಹೇಳಿದ್ದು ಇಂದಿಗೂ ಕಿವಿಯಲ್ಲಿದೆ: “ಅಕ್ಕಾ, ನನ್ನ ಕಥೀ ಮಂದಿ ನನ್ನ ಮಕ್ಕಳು. ಅವರಿಗೆ ನೀನ ಸೋದರತ್ತಿ. ನೀ ಹೆಸರ ಇಡದಿದ್ರ ನಾ ಬರಿಯೂದಿಲ್ಲ.” ನಾನು ಅತ್ತುಬಿಟ್ಟೆ. ನೀನೂ ಅತ್ತುಬಿಟ್ಟೆ. ಅಂದಿನಿಂದ ನಿನ್ನ ಮಕ್ಕಳೆಲ್ಲ ನನ್ನ ಕೈಯಲ್ಲೇ ಹೆಸರು ಪಡೆದರು. ಸಂತೆಗೆ ಹೋದರೆ ಜನ ತರಕಾರಿ ಆರಿಸುತ್ತಾರೆ, ನಾನು ಹೆಸರು ಆರಿಸುತ್ತಿದ್ದೆ. ಓಣಿಯ ಹೆಂಗಸರು ನನಗೆ ಹುಚ್ಚು ಹಿಡಿದಿದೆ ಎಂದರೂ ಬಿಡಲಿಲ್ಲ. ನನ್ನ ದಿನಗಳು ಕಳೆದದ್ದೇ ಹಾಗೆ, ತಮ್ಮಾ.

ಹೋದ ಶ್ರಾವಣದಲ್ಲಿ ನಿನ್ನ ಕಾರ್ಡು ಬಂತು. ಒಂದು ಕಥೆಯಲ್ಲಿ ಬಹಳ ವರ್ಷ ಕಾಯ್ದ ಮನೆಯಲ್ಲಿ ಹೆಣ್ಣು ಕೂಸು ಹುಟ್ಟುತ್ತದೆ, ಯಾರೂ ಇಡದ ಹೆಸರು ಬೇಕು, ಮುದುಕಿಯಾದಾಗಲೂ ಒಪ್ಪಬೇಕು ಎಂದು ನೀನು ಬರೆದಿದ್ದೆ. ನನಗೆ ಮಗಳು ಹುಟ್ಟಿದರೆ ಇಡಬೇಕೆಂದು ಮದುವೆಯಾದ ಹೊಸದರಲ್ಲಿ ಒಂದು ಹೆಸರು ಕಟ್ಟಿಟ್ಟುಕೊಂಡಿದ್ದೆ. ತುಂಬೆ ಹೂವನ್ನು ಯಾರೂ ಮುಡಿಯುವುದಿಲ್ಲ, ಶಿವನಿಗೆ ಮಾತ್ರ ಏರಿಸುತ್ತಾರೆ. ಅದರಿಂದ ತುಂಬೆವ್ವ ಎಂದು ಕಟ್ಟಿದ್ದೆ. ನಮ್ಮವರಿಗೂ ಹೇಳಿರಲಿಲ್ಲ. ಇಪ್ಪತ್ತು ದಿನ ಯೋಚಿಸಿ ಅದನ್ನೇ ಕಳಿಸಿದೆ. ಕಥೆಯಲ್ಲಾದರೂ ಹುಟ್ಟಲಿ ಎಂದುಕೊಂಡೆ. ಆ ಸಲ ಮಾತ್ರ ನೀನು ನಿನ್ನ ಹೆಸರನ್ನೂ ಕಳಿಸಿರಲಿಲ್ಲ, ವಾದವನ್ನೂ ಮಾಡಲಿಲ್ಲ.

ಹೆಣ್ಣು ಹುಟ್ಟಿತೆಂದು ನೀನು ಕಾರ್ಡು ಬರೆದಾಗ ಓಣಿಗೆಲ್ಲ ಸಕ್ಕರೆ ಹಂಚಿದೆ. ಹೆಸರಿಡುವ ದಿನ ಯಾವಾಗ ಎಂದು ನೀನು ಬರೆಯಲಿಲ್ಲ. ಕಾರ್ತಿಕದ ಸೋಮವಾರ ಕಾಶೆವ್ವ ದೊಡ್ಡವ್ವ ಧಾರವಾಡಕ್ಕೆ ಹೋಗಿಬಂದು ಎಲ್ಲ ಹೇಳಿದಳು. ನಿನ್ನ ಅತ್ತೆಯ ಮನೆಯಲ್ಲಿ ಮಾಡಿದರಂತೆ, ಹೋಳಿಗೆ ಊಟವಂತೆ. ಸೋದರತ್ತೆಯ ಸ್ಥಾನದಲ್ಲಿ ನಿಮ್ಮ ಹೆಡ್ಮಾಸ್ತರರ ಹೆಂಡತಿ ನಿಂತಳಂತೆ. ಕೂಸಿನ ಹೆಸರು ತುಂಬೆವ್ವ ಅಂತೆ. “ಎಲ್ಲೂ ಕೇಳದ ಹೆಸರವ್ವಾ, ಎಲ್ಲಿಂದ ತಂದಾನೊ” ಎಂದು ದೊಡ್ಡವ್ವ ಬೆರಗಾದಳು. ನಾನು ಹೌದೇನು ಎಂದೆ.

ನಿನ್ನ ತೊಡಕು ನನಗೆ ತಿಳಿಯುತ್ತದೆ. ನಿನ್ನ ಅತ್ತೆಯ ಮನೆ, ಅವರ ರೀತಿ, ಅವರ ಮಾತು. ನಾನು ತೊಟ್ಟಿಲ ಹತ್ತಿರ ನಿಂತರೆ ನಾಳೆ ಕೂಸಿಗೆ ನೆಗಡಿಯಾದರೂ ನನ್ನ ಕಾಲ್ಗುಣವೇ ಕಾರಣವಾಗುತ್ತಿತ್ತು. ನಾನು ಹಟ ಹಿಡಿಯುತ್ತಿರಲಿಲ್ಲ. “ಅಕ್ಕಾ, ನೀ ಬರಾಕ ಆಗೂದಿಲ್ಲ, ಆದ್ರ ಹೆಸರ ನಿಂದೇ ಇರಲಿ” ಎಂದು ಒಂದು ಸಾಲು ಬರೆದಿದ್ದರೆ ಆ ಕಾರ್ಡನ್ನು ದೇವರ ಜಗಲಿಯ ಮೇಲಿಡುತ್ತಿದ್ದೆ. ನೀನು ಕಥೆಯ ಕೂಸು ಎಂದು ಸುಳ್ಳು ಹೇಳಿ ಹೆಸರು ತೆಗೆದುಕೊಂಡೆ. ನನ್ನನ್ನು ಕೇಳಲು ನಿನಗೆ ನಾಚಿಕೆಯಾಯಿತೋ, ನನಗೆ ನೋವಾದೀತೆಂದು ಹೆದರಿದೆಯೋ, ಗೊತ್ತಿಲ್ಲ. ಎರಡೂ ಇದ್ದೀತು. ಇದಾದ ಮೇಲೆ ಏನೂ ಆಗಿಲ್ಲದವನಂತೆ ನಾಲ್ಕು ಹೆಸರು ಕಳಿಸು ಎಂದು ಬರೆದೆಯಲ್ಲ, ಆಗ ಸಿಟ್ಟು ನೆತ್ತಿಗೇರಿತು. ನಿನ್ನ ಪತ್ರವನ್ನು ಒಲೆಯವರೆಗೆ ಒಯ್ದೆ, ಸುಡಲಿಲ್ಲ.

ಹಸನಸಾಬ, ಜುಜೆ, ದ್ಯಾಮಪ್ಪ ಈ ಮೂವರು ನಾನು ಹೆಸರಿಡುವವರಲ್ಲಿ ಕಡೆಯವರು. ಇನ್ನು ಮುಂದೆ ನಿನ್ನ ಮಂದಿಗೆ ನೀನೇ ಹೆಸರಿಡು, ಇಲ್ಲವೇ ನಿಮ್ಮ ಹೆಡ್ಮಾಸ್ತರರ ಹೆಂಡತಿಯನ್ನು ಕೇಳು. ಈ ಮಾತು ಕೆಟ್ಟದಾಗಿದೆ, ಗೊತ್ತು. ಹೊಡೆದುಹಾಕಲು ಮನಸ್ಸಿಲ್ಲ.

ಶಿವಗಂಗವ್ವ ಬಾಣಂತನದ ಪಥ್ಯ ಬೇಗ ಬಿಡದಿರಲಿ, ತಲೆಗೆ ಬಟ್ಟೆ ಕಟ್ಟಿಕೊಳ್ಳಲಿ. ಕೂಸು ನೂರು ವರ್ಷ ಬಾಳಲಿ, ತನ್ನ ಹೆಸರನ್ನು ತಾನೇ ಬರೆಯುವಷ್ಟು ಓದಲಿ. ನಿನ್ನ ಪುಸ್ತಕ ಚೆನ್ನಾಗಿ ಅಚ್ಚಾಗಲಿ. ನಿಮ್ಮೆಲ್ಲರಿಗೂ ಒಳ್ಳೆಯದಾಗಲಿ ಎಂದು ಹರಸುವ,

ನಿನ್ನ ಅಕ್ಕ
ನೀಲಕ್ಕ

ತಾ. ಕ.: ಪತ್ರ ಮಡಿಸಿದವಳು ಮತ್ತೆ ಬಿಚ್ಚಿದ್ದೇನೆ. ಮೇಲೆ ಒಂದು ಸುಳ್ಳು ಬರೆದೆ. ಕಾಶೆವ್ವ ದೊಡ್ಡವ್ವ ಹೇಳುವ ಮೊದಲೇ ನನಗೆ ಎಲ್ಲ ಗೊತ್ತಿತ್ತು. ನಿನಗೂ ಅದು ಗೊತ್ತು.

ದೊಡ್ಡವ್ವನ ಮನೆಯಲ್ಲಿ ದಿನ ತಿಳಿದುಕೊಂಡು ಆ ಸೋಮವಾರ ಬೇರೆ ಮೋಟರಿನಲ್ಲಿ ನಾನೂ ಧಾರವಾಡಕ್ಕೆ ಬಂದೆ. ತೊಟ್ಟಿಲ ಹತ್ತಿರ ಬರುವ ಆಸೆ ಇರಲಿಲ್ಲ. ಕೂಸಿಗೆ ಹೊದಿಸಲೆಂದು ಒಂದು ಸಣ್ಣ ಕೌದಿ ಹೊಲಿದಿದ್ದೆ, ಅದನ್ನು ಬಾಗಿಲಲ್ಲಿ ನಿನ್ನ ಕೈಗೆ ಕೊಟ್ಟು ತಿರುಗಬೇಕೆಂದಿದ್ದೆ. ಹೊರಗೆ ಬಂದದ್ದು ನಿನ್ನ ಅತ್ತೆ. ನಿನ್ನ ಮದುವೆಯಲ್ಲಿ ನಾನು ಗಂಡ ಸತ್ತವಳೆಂದು ಮನೆಯಲ್ಲೇ ಉಳಿದಿದ್ದೆನಲ್ಲ, ಅವರು ನನ್ನ ಮುಖ ನೋಡಿದವರೇ ಅಲ್ಲ. ನನ್ನ ಹಣೆ ನೋಡಿದರು, ಗಂಟು ನೋಡಿದರು. “ಯಾವೂರಾಕಿವಾ? ಏನ್ ಹೆಸರು?” ಎಂದು ಕೇಳಿದರು. ನೀಲಕ್ಕ ಎಂದಿದ್ದರೆ ಆ ಮನೆಯಲ್ಲಿ ನಿನ್ನ ತಲೆ ತಗ್ಗುತ್ತಿತ್ತು ಅನ್ನಿಸಿತು. “ಮುಂಡಗೋಡದ ಕಡೀ ಸನವಳ್ಳಿಯಾಕಿ ರೀ. ಅಡಿವೆವ್ವ ಅಂತಾರ. ಕೌದಿ ಹೊಲದು ಮಾರ್ತೇನಿ” ಎಂದುಬಿಟ್ಟೆ. ಒಂದು ಹೆಸರಿಗೆ ಇಪ್ಪತ್ತು ದಿನ ತೆಗೆದುಕೊಳ್ಳುವವಳಿಗೆ ಅದು ಒಂದೇ ಉಸಿರಿನಲ್ಲಿ ಬಂತು.

ಅಷ್ಟರಲ್ಲಿ ನೀನು ಬಂದೆ. ನಿನ್ನ ಅತ್ತೆ, ಸನವಳ್ಳಿಯ ಅಡಿವೆವ್ವ ಎಂಬವಳು ಕೌದಿ ತಂದಿದ್ದಾಳೆ ಎಂದರು. ನೀನು ನನ್ನನ್ನು ನೋಡಿದೆ. ಅಕ್ಕಾ ಎನ್ನುತ್ತೀ ಎಂದುಕೊಂಡೆ. ಅನ್ನದಿರಲಿ ಎಂದೂ ಬೇಡಿಕೊಂಡೆ, ಅನ್ನಲಿ ಎಂದೂ ಬೇಡಿಕೊಂಡೆ. ನೀನು, “ಪಾಪ, ದೂರದಿಂದ ಬಂದಾಳ. ಹಿತ್ತಲದಾಗ ಕೂಡ್ಸಿ ಊಟಕ್ಕ ಹಾಕ್ರಿ” ಎಂದು ಒಳಗೆ ಹೋದೆ.

ನಾನು ಊಟ ಮಾಡಿದೆ. ನನ್ನ ಸೋದರಸೊಸೆಯ ಹೆಸರಿನ ಊಟವನ್ನು ಹೇಗೆ ಬಿಟ್ಟು ಬರಲಿ? ಒಳಗೆ ಅವಳ ಹೆಸರು ಕೂಗಿದ್ದು ಹಿತ್ತಲಿನವರೆಗೆ ಚೆನ್ನಾಗಿ ಕೇಳಿಸಿತು. ಎಂಜಲೆಲೆ ಎತ್ತಿ, ಕೌದಿಯನ್ನು ಕಟ್ಟೆಯ ಮೇಲಿಟ್ಟು ಬಂದೆ.

ನಿನ್ನ ಕಾದಂಬರಿಯ ಆ ವಿಧವೆಗೆ ಅಡಿವೆವ್ವ ಎಂದೇ ಇಡು. ನಾನು ಇಷ್ಟು ವರ್ಷ ಹುಟ್ಟಿಸಿ ಕೊಟ್ಟವರಲ್ಲಿ ನೀನು ನೋಡಿದ ಕೂಡಲೇ ನಂಬಿ, ಮರುಮಾತಾಡದೆ ಊಟಕ್ಕೆ ಹಾಕಿದ್ದು ಅವಳೊಬ್ಬಳಿಗೇ.